ಎರಡು ಗದ್ದುಗೆಗಳನ್ನು ಕಾದ ಚಾಂದ್ ಬೀಬಿ



ಕನ್ನಡದಲ್ಲಿ ‘ಅಮಾನತ್ತು’ ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡುವುದು. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ, ಹಾಗೆಯೇ ಹಿಂದಿರುಗಿಸಬೇಕಾದ ಸೊತ್ತು. ಈ ಎರಡನೆಯ ಅರ್ಥವನ್ನು ಬಾಳಿ ತೋರಿಸಿದವಳು ಚಾಂದ್ ಬೀಬಿ.

ಆಕೆ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನ ಮಗಳು. ಬಿಜಾಪುರದ ಅಂದರೆ ಇಂದಿನ ವಿಜಯಪುರದ ಒಂದನೆಯ ಅಲಿ ಆದಿಲ್ ಶಾಹನ ಪತ್ನಿ. ಎರಡು ರಾಜ್ಯಗಳೂ ಹೋರಾಡುತ್ತಿದ್ದ ಸೊಲ್ಲಾಪುರದ ಕೋಟೆ ಈ ಮದುವೆಯಲ್ಲಿ ವರದಕ್ಷಿಣೆಯಾಗಿ ಬಿಜಾಪುರಕ್ಕೆ ಸೇರಿತು.

1580ರಲ್ಲಿ ಅಲಿಯ ಕೊಲೆಯಾಯಿತು. ಆತನಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಂ ಗದ್ದುಗೆ ಏರಿದ. ಅರಸ ಬಾಲಕನಾದರೆ ಅವನ ಪೋಷಕನಾದವನೇ ನಿಜವಾದ ಅರಸ. ಆದ್ದರಿಂದ ಸರದಾರರು ಒಬ್ಬರ ಮೇಲೊಬ್ಬರು ಬಿದ್ದರು. ಅವರಲ್ಲಿ ಕಿಶ್ವರ್ ಖಾನ್ ಎಂಬವನು ಚಾಂದ್ ಬೀಬಿಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಬಿಡುಗಡೆಯಾಗಿ ಬಂದ ಆಕೆ ಮತ್ತೆ ಬಾಲಕನ ಬೆನ್ನಿಗೆ ನಿಂತಳು. ಬೆಳೆದ ಇಬ್ರಾಹಿಂ 1590ರಲ್ಲಿ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು 1627ರವರೆಗೆ ಆಳಿದ.

ಅಷ್ಟರಲ್ಲಿ ಆಕೆ ತವರಿಗೆ ಮರಳಿದ್ದಳು. 1595ರಲ್ಲಿ ಅಲ್ಲಿಯೂ ಸುಲ್ತಾನ ಯುದ್ಧದಲ್ಲಿ ಮಡಿದ. ಅವನ ಮಗ ಬಹಾದೂರ್ ಇನ್ನೂ ಹಸುಗೂಸು. ಮಿಯಾ ಮಂಜು ಎಂಬ ಸರದಾರ ಬೇರೊಬ್ಬ ಬಾಲಕನನ್ನು ಕೂರಿಸಿದ. ಆ ಬಾಲಕ ರಾಜವಂಶದವನೇ ಅಲ್ಲವೆಂದು ತಿಳಿದುಬಂತು. ಪೇಚಿಗೆ ಸಿಲುಕಿದ ಮಿಯಾ ಮಂಜು ಮೊಗಲ್ ರಾಜಕುಮಾರ ಮುರಾದನನ್ನು ಕರೆಸಿಕೊಂಡ. ಮನೆಯ ಹಂಚಿಕೆ ಜಗಳಕ್ಕೆ ಹೊರಗಿನವರು ಪಂಚಾಯಿತಿಗೆ ಬಂದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಚಾಂದ್ ಬೀಬಿ ಕೂಸಿನ ಹಕ್ಕನ್ನು ಎತ್ತಿಹಿಡಿದು ಕೋಟೆ ಕಾದಳು. ಮದ್ದು ಸಿಡಿದು ಗೋಡೆ ಕುಸಿದಾಗ ಅಲ್ಲಿಯೇ ನಿಂತು ಕಾದಾಡಿಸಿ, ರಾತ್ರಿ ಕಳೆಯುವುದರೊಳಗೆ ಅದನ್ನು ಮತ್ತೆ ಕಟ್ಟಿಸಿದಳು. 1596ರ ಒಪ್ಪಂದದಲ್ಲಿ ಬೇರಾರ್ ಕೈಬಿಟ್ಟಿತು. ಬಹಾದೂರನ ಹಕ್ಕು ಉಳಿಯಿತು.

1600ರಲ್ಲಿ ಮೊಗಲರು ಮತ್ತೆ ಮುತ್ತಿದರು. ಗೆಲ್ಲಲಾಗದೆಂದು ಕಂಡ ಆಕೆ ಸಂಧಿಗೆ ಮುಂದಾದಳು. ಶತ್ರುವಿನೊಂದಿಗೆ ಸೇರಿದಳೆಂಬ ಸುಳ್ಳು ಸುದ್ದಿ ಹಬ್ಬಿತು. ಸ್ವಂತ ಸೈನಿಕರೇ ಆಕೆಯನ್ನು ಕೊಂದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಬಾಲಕ ಬಹಾದೂರ್ ಗ್ವಾಲಿಯರ್ ಕೋಟೆಯ ಸೆರೆ ಸೇರಿದ.

ಶೈಕ್ಷಣಿಕ ಪ್ರವಾಸದಲ್ಲಿ ನೀವು ವಿಜಯಪುರದ ಇಬ್ರಾಹಿಂ ರೋಜಾ ನೋಡಿದಾಗ, ಅಲ್ಲಿ ಮಲಗಿರುವ ಸುಲ್ತಾನನನ್ನು ಬಾಲ್ಯದಲ್ಲಿ ಕಾದವಳನ್ನೂ ನೆನೆಯಿರಿ. ರಕ್ತಸಂಬಂಧ ಹಕ್ಕನ್ನು ಕೊಡುತ್ತದೆ. ಅದನ್ನು ಉಳಿಸಿಕೊಡುವವರು ಅಮಾನತ್ ಅರಿತವರು. ಯತೀಮ್ ಮಕ್ಕಳ ಆಸ್ತಿ ನೋಡಿಕೊಳ್ಳುವ ಚಾಚಾ, ಮಾಮುಗಳಿಗೂ, ಸಂಘದ ಹಣ ಹಿಡಿದಿರುವ ನಮಗೂ ಈ ಮಾತು ಸಲ್ಲುತ್ತದೆ.