ಯಂತ್ರ ಬದಲಾದರೂ ಓಡುವ ಪ್ರೋಗ್ರಾಮು: ಡೆನಿಸ್ ರಿಚಿ

ಸಿ ಭಾಷೆ ಮಾಡಿದ್ದು ಯಾರು ಅಂತ ವೈವಾದಲ್ಲಿ ಕೇಳಿದರೆ ಡೆನಿಸ್ ರಿಚಿ ಅಂತ ಹೇಳಿ ನಾವು ಒಂದು ಮಾರ್ಕು ತಗೊಂಡು ಸುಮ್ಮನಾಗ್ತೀವಿ. ಅವರು ಮಾಡಿದ ಇನ್ನೊಂದು ಕೆಲಸ ಸಿಲಬಸ್‌ನಲ್ಲಿ ಅಷ್ಟಾಗಿ ಕಾಣಲ್ಲ. ಒಂದು ಯಂತ್ರಕ್ಕೆ ಬರೆದ ಸಾಫ್ಟ್‌ವೇರ್ ಇನ್ನೊಂದು ಯಂತ್ರದಲ್ಲೂ ಓಡಬಹುದು ಅಂತ ಮಾಡಿ ತೋರಿಸಿದವರಲ್ಲಿ ಅವರು ಮುಖ್ಯರು.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿ 1967ರಲ್ಲಿ ಅಲ್ಲಿಗೇ ಸೇರಿದರು. ಪಿಎಚ್‌ಡಿ ಪ್ರಬಂಧ ಬರೆದಿದ್ದರೂ ಪದವಿ ಮಾತ್ರ ಕೈಗೆ ಬರಲಿಲ್ಲ.

ಆಗ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹೆಚ್ಚಾಗಿ ಆಯಾ ಯಂತ್ರದ ಅಸೆಂಬ್ಲಿಯಲ್ಲೇ ಬರೀತಿದ್ದರು. ಯಂತ್ರ ಹಳೇದಾದರೆ ಬರೆದದ್ದೂ ಅದರ ಜೊತೆಗೇ ಗುಜರಿಗೆ! 1969ರಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7ರಲ್ಲಿ ಶುರು ಮಾಡಿದ ಯುನಿಕ್ಸ್ ಕೂಡ ಹಾಗೇ ಇತ್ತು. ಥಾಂಪ್ಸನ್ ಅವರ ಬಿ ಭಾಷೆಯನ್ನು ಬೆಳೆಸಿ ರಿಚಿ ಸಿ ರೂಪಿಸಿದರು. 1973ರಲ್ಲಿ ಇಬ್ಬರೂ ಸೇರಿ ಯುನಿಕ್ಸ್ ಕರ್ನೆಲ್ಲನ್ನೇ ಸಿಯಲ್ಲಿ ಮತ್ತೆ ಬರೆದರು.

ಇದನ್ನ ನಮ್ಮ ಕಡೆ ಲೆಕ್ಕದಲ್ಲಿ ಹೇಳ್ತೀವಿ ಕೇಳಿ. ಕರಿದಿಟ್ಟ ಮದ್ದೂರು ವಡೆಯ ಪಾರ್ಸೆಲ್ ಬೇರೆ, ವಡೆ ಮಾಡೋ ವಿಧಾನ ಬೇರೆ. ವಿಧಾನ ಗೊತ್ತಿದ್ರೆ ಮಳವಳ್ಳಿಯ ಸೌದೆ ಒಲೆ ಮೇಲೂ ವಡೆ ಆಗುತ್ತೆ, ಮಂಡ್ಯದ ಗ್ಯಾಸ್ ಸ್ಟೌ ಮೇಲೂ ಆಗುತ್ತೆ. ಸೋರ್ಸ್ ಕೋಡ್ ಅಂದ್ರೆ ಆ ವಿಧಾನ. ಕಂಪೈಲರ್ ಅಂದ್ರೆ ಆಯಾ ಮನೆಯ ಒಲೆ, ಬಾಣಲೆ. ಆದರೆ ಇಂಥ ಅಡುಗೆಮನೆಯ ಎಡಗಡೆ ಮೂಲೆಯ ಡಬ್ಬಿಯಿಂದಲೇ ರವೆ ತಗೋಬೇಕು ಅಂತ ವಿಧಾನದಲ್ಲಿ ಬರೆದುಬಿಟ್ರೆ ಬೇರೆ ಮನೆಯವರು ಏನು ಮಾಡಬೇಕು?

ಯುನಿಕ್ಸ್‌ನಲ್ಲೂ ಇಂಥ ಡಬ್ಬಿಗಳು ಸಿಕ್ಕವು. 1977ರಲ್ಲಿ ರಿಚಿ, ಸ್ಟೀವ್ ಜಾನ್ಸನ್ ಮತ್ತು ಸಂಗಡಿಗರು ಅದನ್ನು 16 ಬಿಟ್‌ನ ಪಿಡಿಪಿ-11ರಿಂದ 32 ಬಿಟ್‌ನ ಇಂಟರ್‌ಡೇಟಾ 8/32ಕ್ಕೆ ಸಾಗಿಸಿದರು. ಇಂಟಿಜರ್ ಅಂದ್ರೆ ಇಷ್ಟೇ ಬಿಟ್, ಬೈಟ್‌ಗಳ ಕ್ರಮ ಹೀಗೇ ಅಂತ ನಂಬಿ ಬರೆದ ಕೋಡ್ ತಿದ್ದಬೇಕಾಯ್ತು. ಯಂತ್ರಕ್ಕೆ ಅಂಟಿಕೊಂಡ ಭಾಗಗಳನ್ನು ಬೇರೆ ಮಾಡಿ ಇಟ್ಟರು. ಅನುಮಾನದ ಸಾಲುಗಳನ್ನು ಹುಡುಕಿ ತೋರಿಸೋಕೆ ಜಾನ್ಸನ್ ಬರೆದ ಲಿಂಟ್ ನೆರವಾಯ್ತು. ಒಳ್ಳೇ ಭಾಷೆ ಇದ್ದರೆ ಸಾಲದು, ಬರೆಯೋದರಲ್ಲಿ ಶಿಸ್ತೂ ಬೇಕು ಅನ್ನೋದು ಇಲ್ಲಿ ಗೊತ್ತಾಯ್ತು. ಕರ್ನಿಗನ್ ಜೊತೆ ರಿಚಿ ಬರೆದ ಸಿ ಪುಸ್ತಕ ಬಂದಿದ್ದು ಮರುವರ್ಷ, 1978ರಲ್ಲಿ.

ಬಿಲ್ಡ್ ಮಾಡೋ ಕ್ರಮಕ್ಕೂ ಅದೇ ಶಿಸ್ತು ಬೇಕು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲೇ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದರು. ಯುನಿಕ್ಸ್ ಹಲವು ಕವಲು ಒಡೆದ ಮೇಲೆ, ಈ ಸಿಸ್ಟಮ್‌ನಲ್ಲಿ ಏನಿದೆ ಏನಿಲ್ಲ ಅಂತ ಮೊದಲು ಪರೀಕ್ಷೆ ಮಾಡಿ ಮೇಕ್‌ಫೈಲ್ ತಯಾರಿಸೋ ಆಟೋಕಾನ್ಫ್ 1991ರಲ್ಲಿ ಶುರುವಾಯ್ತು. ವಿಂಡೋಸನ್ನೂ ಲೆಕ್ಕಕ್ಕೆ ತಗೊಂಡ ಸಿಮೇಕ್ ಆಮೇಲೆ ಬಂತು.

ಈ ಕಷ್ಟ ನಮ್ಮ ಕನ್ನಡಕ್ಕೂ ಹೊಸದಲ್ಲ. ಬರಹ, ನುಡಿ ಮೊದಲು ಬಂದಾಗ ವಿಂಡೋಸ್‌ಗೇ ಅಂತ ಬಂದವು. ಯುನಿಕೋಡ್‌ಗೆ ಮುಂಚೆ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಈಗಲೂ ಅರ್ಥವಿಲ್ಲದ ಅಕ್ಷರಗಳೇ ಕಾಣ್ತವೆ.

ರಿಚಿಗೆ 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್ 12ರಂದು, ಒಬ್ಬರೇ ಇದ್ದ ಮನೆಯಲ್ಲಿ ಅವರು ತೀರಿಕೊಂಡಿದ್ದು ಗೊತ್ತಾಯ್ತು. ಅದಕ್ಕೆ ಒಂದು ವಾರ ಮುಂಚೆ ಸ್ಟೀವ್ ಜಾಬ್ಸ್ ಹೋದಾಗ ಲೋಕವೆಲ್ಲ ಅದೇ ಸುದ್ದಿಯಾಗಿತ್ತು. ಆ ಐಫೋನಿನ ಒಳಗೂ ಇರೋದು ಯುನಿಕ್ಸ್ ವಂಶದ ಕರ್ನೆಲ್ಲೇ.

ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಬರೋ ನಮ್ಮ ಒಂದೇ ಪ್ರಾಜೆಕ್ಟ್ ಟೀಮಿನಲ್ಲಿ ಒಬ್ಬರ ಹತ್ರ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಇರುತ್ತೆ, ಇನ್ನೊಬ್ಬರ ಹತ್ರ ಅಣ್ಣ ಓದುವಾಗ ತಗೊಂಡಿದ್ದ ಹಳೇ ಮಶೀನು, ಅದರಲ್ಲಿ ಉಬುಂಟು. ಕೋಡ್ ಎಲ್ಲರಿಗೂ ಮುಕ್ತ ಅಂತ ಹಾಕಿದ ಮಾತ್ರಕ್ಕೆ ಆಗಲಿಲ್ಲ. ಅದು ಹೊಸ ಲ್ಯಾಪ್‌ಟಾಪಿನಲ್ಲಿ ಮಾತ್ರ ಬಿಲ್ಡ್ ಆದರೆ ಹಳೇ ಮಶೀನಿನವರಿಗೆ ಪಿಪಿಟಿ ಮಾಡೋ ಕೆಲಸವಷ್ಟೇ ಉಳಿಯುತ್ತೆ. ಅದಕ್ಕೇ, ಪುಶ್ ಮಾಡೋಕೆ ಮುಂಚೆ ಒಂದ್ಸಲ ಪಕ್ಕದವರ ಮಶೀನಿನಲ್ಲೂ ಬಿಲ್ಡ್ ಮಾಡಿ ನೋಡೋಣ.