ಕುಜ್ನೆಟ್ಸ್ ಕಂಡ ಗುಡ್ಡ: ದೇಶ ಶ್ರೀಮಂತವಾದರೆ ಅಸಮಾನತೆ ತಾನಾಗಿಯೇ ಇಳಿಯುತ್ತದೆಯೇ?

ದೇಶ ಬೆಳೆಯುವಾಗ ಬಡವ-ಬಲ್ಲಿದರ ಅಂತರ ಮೊದಲು ಹೆಚ್ಚುತ್ತದೆ, ಆಮೇಲೆ ತಾನಾಗಿಯೇ ತಗ್ಗುತ್ತದೆ ಎಂಬ ಮಾತನ್ನು ನಾವು ಕೇಳಿರುತ್ತೇವೆ. ಈ ಮಾತಿಗೆ ಅಂಟಿಕೊಂಡಿರುವ ಹೆಸರು ಸೈಮನ್ ಕುಜ್ನೆಟ್ಸ್ ಅವರದು.

ಕುಜ್ನೆಟ್ಸ್ ಹುಟ್ಟಿದ್ದು 1901ರಲ್ಲಿ, ಈಗ ಬೆಲಾರೂಸ್‌ಗೆ ಸೇರಿರುವ ಪಿನ್ಸ್ಕ್ ಪಟ್ಟಣದ ಯಹೂದಿ ಕುಟುಂಬದಲ್ಲಿ. 1922ರಲ್ಲಿ ಅಮೆರಿಕಕ್ಕೆ ಬಂದರು, ನಾಲ್ಕೇ ವರ್ಷದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಮಹಾ ಆರ್ಥಿಕ ಕುಸಿತದ ಹೊತ್ತಿಗೆ ದೇಶದ ಒಟ್ಟು ಆದಾಯ ಎಷ್ಟು ಬಿದ್ದಿದೆ ಎಂದು ಲೆಕ್ಕ ಹಾಕಿ, 1934ರಲ್ಲಿ ಸೆನೆಟ್‌ಗೆ ವರದಿ ಕೊಟ್ಟರು. ಈ ಅಂಕಿಯಿಂದ ಜನರ ಕ್ಷೇಮವನ್ನು ಅಳೆಯಲಾಗದು ಎಂಬ ಎಚ್ಚರಿಕೆಯೂ ಅದರಲ್ಲೇ ಇತ್ತು. 1971ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಪ್ರಸಿದ್ಧ ಗುಡ್ಡ ಕಾಣಿಸಿಕೊಂಡಿದ್ದು 1955ರ ಲೇಖನದಲ್ಲಿ. ಅವರ ಕೈಯಲ್ಲಿದ್ದುದು ಮುಖ್ಯವಾಗಿ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ ಅಂಕಿಅಂಶ. ಹೋಲಿಕೆಗೆ ಭಾರತ, ಸಿಲೋನ್, ಪೋರ್ಟೊ ರಿಕೊಗಳ ಒಂದೊಂದು ವರ್ಷದ ಲೆಕ್ಕ. ತಮ್ಮ ಬರಹದಲ್ಲಿ ಶೇ. 5ರಷ್ಟು ಮಾತ್ರ ಮಾಹಿತಿ, ಉಳಿದ 95 ಊಹೆ ಎಂದು ಅವರೇ ಒಪ್ಪಿಕೊಂಡಿದ್ದರು. ಓದಿದವರು ಗುಡ್ಡವನ್ನು ನೆನಪಿಟ್ಟುಕೊಂಡರು, ಒಪ್ಪಿಗೆಯನ್ನು ಮರೆತರು!

ಮುಂದೆ ಹಲವರು ಬೇರೆ ಬೇರೆ ದೇಶಗಳನ್ನು ಒಂದೇ ನಕ್ಷೆಯಲ್ಲಿಟ್ಟು ನೋಡಿದಾಗ ಗುಡ್ಡ ನಿಜವಾಗಿಯೂ ಕಂಡಿತು. ಆದರೆ ಅದರ ನಡುವಿನ ಎತ್ತರದಲ್ಲಿ ಇದ್ದವು ಲ್ಯಾಟಿನ್ ಅಮೆರಿಕದ ಮಧ್ಯಮ ಆದಾಯದ ದೇಶಗಳು. ಅಲ್ಲಿನ ಅಸಮಾನತೆಗೆ ಭೂಮಾಲೀಕತ್ವದ ಹಳೆಯ ಇತಿಹಾಸವಿದೆ, ಆದಾಯವೊಂದೇ ಕಾರಣವಲ್ಲ.

ಇದಕ್ಕೆ ಮದ್ದು ‘ಫಿಕ್ಸೆಡ್ ಎಫೆಕ್ಟ್ಸ್’ ವಿಧಾನ. ಪ್ರತಿ ದೇಶವನ್ನು ಅದರದೇ ಬೇರೆ ವರ್ಷಗಳೊಂದಿಗೆ ಹೋಲಿಸುವುದು, ಅಂದರೆ ಪ್ರತಿ ಅಂಕಿಯಿಂದ ಆ ದೇಶದ ಸರಾಸರಿಯನ್ನು ಕಳೆಯುವುದು. ಗುಡ್ಡವನ್ನು ಹಿಡಿಯಲು ಆದಾಯದ ಜೊತೆಗೆ ಆದಾಯದ ವರ್ಗವೂ ಬೇಕು. ಹಲವರು ಎಡವುವುದು ಇಲ್ಲೇ: ಮೊದಲು ವರ್ಗ ಮಾಡಿ ಆಮೇಲೆ ಸರಾಸರಿ ಕಳೆಯಬೇಕು, ತಿರುಗುಮುರುಗಾಗಿ ಅಲ್ಲ.

ಉದಾಹರಣೆಗೆ, ಒಂದು ದೇಶದ ಆದಾಯ 2ರಿಂದ 4ಕ್ಕೆ, ಇನ್ನೊಂದರದು 20ರಿಂದ 22ಕ್ಕೆ ಏರಿತೆನ್ನಿ. ಮೊದಲೇ ಸರಾಸರಿ ಕಳೆದರೆ ಎರಡಕ್ಕೂ ಸಿಗುವುದು −1 ಮತ್ತು +1. ವರ್ಗ ಮಾಡಿದರೆ ಎಲ್ಲವೂ 1. ಬಡ ದೇಶ ಯಾವುದು, ಶ್ರೀಮಂತ ಯಾವುದು ಎಂಬುದೇ ಅಳಿಸಿಹೋಯಿತು. ಮೊದಲು ವರ್ಗ ಮಾಡಿದರೆ ಬದಲಾವಣೆ ಒಂದರಲ್ಲಿ 12, ಇನ್ನೊಂದರಲ್ಲಿ 84. ಆದಾಯದ ಸಹಗುಣಕ 4, ವರ್ಗದ್ದು −0.2 ಎಂದಾದರೆ ಮೊದಲ ದೇಶದಲ್ಲಿ ಅಸಮಾನತೆ 5.6 ಏರುತ್ತದೆ, ಎರಡನೆಯದರಲ್ಲಿ 8.8 ಇಳಿಯುತ್ತದೆ. ಗುಡ್ಡದ ತುದಿ 4 ÷ 0.4, ಅಂದರೆ ನಿಜವಾದ ಆದಾಯ 10 ಇರುವಲ್ಲಿ. ದೇಶದ ಸರಾಸರಿಗಿಂತ 10 ಹೆಚ್ಚು ಇರುವಲ್ಲಿ ಅಲ್ಲ. ಗುಡ್ಡದ ಎತ್ತರ ದೇಶದಿಂದ ದೇಶಕ್ಕೆ ಬೇರೆ, ತುದಿಯ ಜಾಗ ಮಾತ್ರ ಎಲ್ಲಕ್ಕೂ ಒಂದೇ ಎಂದು ಈ ವಿಧಾನ ಭಾವಿಸುತ್ತದೆ. ಇದೂ ಒಂದು ಊಹೆಯೇ.

ಕುಜ್ನೆಟ್ಸ್ 1985ರ ಜುಲೈನಲ್ಲಿ ತೀರಿಕೊಂಡರು. ಹಲವು ದೇಶಗಳ, ಹಲವು ದಶಕಗಳ ಅಂಕಿಗಳನ್ನು ಡೈನಿಂಗರ್ ಮತ್ತು ಸ್ಕ್ವೈರ್ ಒಟ್ಟುಗೂಡಿಸಿ ಪರೀಕ್ಷಿಸಿದ್ದು 1990ರ ದಶಕದಲ್ಲಿ. ದೇಶಗಳನ್ನು ಅವುಗಳೊಂದಿಗೇ ಹೋಲಿಸಿದಾಗ ಬಹುತೇಕ ಕಡೆ ಗುಡ್ಡ ಸಿಗಲಿಲ್ಲ.