ಕಿತ್ತೂರ ಚನ್ನಮ್ಮಾಜಿಯವರೂ ಅವರ ಅರಮನೆಯೂ

ಶಿವನಿಷ್ಠೆಯನ್ನೂ ಕ್ಷಾತ್ರತೇಜವನ್ನೂ ಒಂದೇ ಬಾಳಿನಲ್ಲಿ ಮೆರೆಯಿಸಿದ ಕಿತ್ತೂರ ರಾಣಿ ಚನ್ನಮ್ಮಾಜಿಯವರ ಹೆಸರನ್ನರಿಯದ ಕನ್ನಡಿಗರಿಲ್ಲ. ಬೆಳಗಾವಿಯ ನೆರೆಯ ಕಾಕತಿಯ ದೇಸಾಯರ ಮನೆತನದಲ್ಲಿ 1778ರಲ್ಲಿ ಜನಿಸಿದ ಇವರು ಕಿತ್ತೂರ ದೊರೆ ಮಲ್ಲಸರ್ಜನ ಕೈಹಿಡಿದರು. ಪೇಶವೆಯ ಸೆರೆಯಲ್ಲಿ ನವೆದ ದೊರೆಯು 1816ರಲ್ಲಿ ಲಿಂಗೈಕ್ಯನಾದನು. ಹಿರಿಯ ರಾಣಿ ರುದ್ರಮ್ಮನವರ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟವೇರಿದನಾದರೂ 1824ರ ಸಪ್ಟೆಂಬರದಲ್ಲಿ ಸಂತಾನವಿಲ್ಲದೆ ತೀರಿಹೋದನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಮನ್ನಿಸದೆ, ಸಂಸ್ಥಾನದ ಭಂಡಾರಕ್ಕೆ ಮುದ್ರೆಯೊತ್ತಿಸಿದನು. ಈ ಅನ್ಯಾಯವನ್ನು ರಾಣಿಯವರು ತಲೆಬಾಗಿ ಸಹಿಸಲಿಲ್ಲ.

1824ರ ಅಕ್ಟೋಬರ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯು ಮಡಿದನು. ಸೆರೆಸಿಕ್ಕ ಇಲಿಯಟ್, ಸ್ಟೀವನ್‌ಸನ್ ಎಂಬ ಅಧಿಕಾರಿಗಳನ್ನು ರಾಣಿಯವರು ಕಾಪಾಡಿ, ಸಂಧಿಯಾದೀತೆಂಬ ಭರವಸೆಯಿಂದ ಬಿಟ್ಟುಕೊಟ್ಟರು. ಆದರೆ ಡಿಸೆಂಬರದಲ್ಲಿ ಮಹಾಸೇನೆಯೊಂದು ಬಂದು ಕೋಟೆಯನ್ನು ಹಿಡಿಯಿತು. ಬೈಲಹೊಂಗಲದ ಸೆರೆಯಲ್ಲಿಯೇ ರಾಣಿಯವರು 1829ರಲ್ಲಿ ಲಿಂಗೈಕ್ಯರಾದರು. ಅವರ ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಹದಿನೇಳನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಟ್ಟಿಸಿದ ಆ ಅರಮನೆಯಲ್ಲಿ ಈಗ ಉಳಿದಿರುವವು ದಪ್ಪನಾದ ಮುರುಕು ಗೋಡೆಗಳು, ಬಾವಿ, ಧ್ರುವನಕ್ಷತ್ರವನ್ನು ನೋಡುವದಕ್ಕಾಗಿ ಗೋಡೆಯಲ್ಲಿರಿಸಿದ ದುಂಡನೆಯ ಕಿಂಡಿ ಮುಂತಾದವು ಮಾತ್ರ. ಇವನ್ನು ಏನು ಮಾಡಬೇಕು? ವೈಭವವನ್ನು ಮಕ್ಕಳು ಕಣ್ಣಾರೆ ಕಾಣುವಂತೆ ಅರಮನೆಯನ್ನು ಮರಳಿ ಕಟ್ಟಬೇಕೆಂದು ಕೆಲವರು. ಇದ್ದುದನ್ನು ಇದ್ದಂತೆಯೇ ಬಿಡಬೇಕೆಂದು ಕೆಲವರು. 2022ರ ಸುಮಾರಿಗೆ ಬಚ್ಚನಕೇರಿಯಲ್ಲಿ ಅದರ ಪ್ರತಿರೂಪವನ್ನು ನಿರ್ಮಿಸುವ ಮಾತು ಬಂದಾಗ, ಅದು ತಮ್ಮ ಊರಲ್ಲಿಯೇ ಆಗಬೇಕೆಂದು ಕಿತ್ತೂರಿನವರು ಪ್ರತಿಭಟಿಸಿದರು.

ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ನಂಬಿದ ನಮಗೆ ಮಣ್ಣುಗೋಡೆಯ ಮೋಹವೇಕೆಂದು ಯಾರಾದರೂ ಕೇಳಬಹುದು. ಮೋಹವಲ್ಲ, ಇದು ಸಾಕ್ಷಿಯ ಮಾತು. ಆ ಗೋಡೆಗಳು ಮುರಿದುದೇ ರಾಣಿಯವರ ಚರಿತ್ರೆಯ ಒಂದು ಅಧ್ಯಾಯ. ಅವುಗಳ ಮೇಲೆ ಹೊಸ ಅರಮನೆಯನ್ನೆಬ್ಬಿಸಿದರೆ ಸೋಲಿನ ಗುರುತಿನೊಡನೆ ತ್ಯಾಗದ ಗುರುತೂ ಅಳಿಯುವದು. ಹಾಗೆಂದು ಮಳೆಗಾಲಕ್ಕೆ ಅವುಗಳನ್ನು ಒಪ್ಪಿಸಿ ಸುಮ್ಮನಿರುವದೂ ಧರ್ಮವಲ್ಲ. ನೀರು ಇಂಗದಂತೆ ನೆತ್ತಿ ಮುಚ್ಚುವದು, ಬೇರೂರಿದ ಗಿಡಗಳನ್ನು ಕೀಳುವದು, ಬಾಗಿದುದಕ್ಕೆ ಆಸರೆ ಕೊಡುವದು: ಇವು ಮುಪ್ಪಿನ ತಾಯಿಗೆ ಮಾಡುವ ಶುಶ್ರೂಷೆಯಂತೆ. ಮುಪ್ಪನ್ನು ಮರೆಮಾಡಲು ಆಕೆಗೆ ಯಾರೂ ಬಣ್ಣ ಬಳಿಯರು. ಪ್ರತಿರೂಪ ಬೇಕಾದರೆ ಬೇರೆಡೆ ಆಗಲಿ. ಅದನ್ನು ಪ್ರತಿರೂಪವೆಂದೇ ಕರೆಯಲಿ.

ಬೋರಗಾಂವ ಮೊದಲಾದ ನಮ್ಮ ದೂಧಗಂಗೆಯ ಸೀಮೆಯ ಭಕ್ತರು ತಮ್ಮ ಹಳೆಯ ಮಠ, ವಾಡೆಗಳಿಗೆ ಗುದ್ದಲಿ ಹಾಕುವ ಮುನ್ನ ಕಿತ್ತೂರನ್ನು ಒಮ್ಮೆ ಸ್ಮರಿಸಬೇಕೆಂದು ಈ ಮಹೋತ್ಸವದ ಸಂದರ್ಭದಲ್ಲಿ ನಮ್ಮ ಬಿನ್ನಹ.